ಚೀಟಿ ಪೆಟ್ಟಿಗೆಯ ಮೇಲೆ ಕೂತವಳು

ತೊರ್ರೆಲಾನಾ, 1870 ಏಪ್ರಿಲ್ 6

ಸಿಪ್ರಿಯಾನೊ,

ಈ ಕಟ್ಟನ್ನು ಅಂಚೆಗೆ ಹಾಕಲು ಧೈರ್ಯವಾಗಲಿಲ್ಲ. ಹೇಸರಗತ್ತೆ ಹೊಡೆಯುವ ಎವರಿಸ್ತೊ ಮ್ಯಾಡ್ರಿಡ್‌ಗೆ ಹೊರಟಿದ್ದ, ಅವನ ಕೈಗೆ ಕೊಟ್ಟಿದ್ದೇನೆ. ಒಳಗೆ ನಾನು ಬರೆದ ಏಳು ಚಿತ್ರಗಳಿವೆ. ನೋಡು, ಎತ್ತಿಡು, ಯಾರಿಗೂ ತೋರಿಸಬೇಡ.

ಕಳೆದ ಭಾನುವಾರ ನಮ್ಮೂರ ಪುರಸಭೆಯಲ್ಲಿ ಸೈನ್ಯಕ್ಕೆ ಹುಡುಗರ ಚೀಟಿ ಎತ್ತುವುದಿತ್ತು. ಹೆಸರು ಬಂದವನು ಕ್ಯೂಬಾದ ಯುದ್ಧಕ್ಕೆ, ಹಣ ಕಟ್ಟಿದವನ ಮಗ ಮನೆಯಲ್ಲಿ. ಇದು ನಿನಗೂ ಗೊತ್ತು. ಮೇಯರ್ ದೋನ್ ಕಾನುತೊ ಪೆಟ್ಟಿಗೆಯನ್ನು ಅಂಗಳಕ್ಕೆ ತರಿಸಿ ಬೆಂಚಿನ ಮೇಲಿಡಿಸಿದ್ದಷ್ಟೆ, ಉಣ್ಣೆ ತೊಳೆಯುವ ಉರ್ಬಾನತ್ತೆ ನಲವತ್ತು ಹೆಂಗಸರ ನಡುವಿನಿಂದ ನುಗ್ಗಿ ಬಂದು ಅದರ ಮೇಲೆ ಕೂತುಬಿಟ್ಟಳು. ಲಂಗ ಹರಡಿಕೊಂಡು, ಮನೆಯ ಜಗಲಿಯ ಮೇಲೆ ಕೂತ ಹಾಗೆ.

"ಏಳು ಉರ್ಬಾನಾ, ಇದು ಸರ್ಕಾರಿ ಕೆಲಸ."

"ಕಾಲು ನೋಯ್ತಾ ಇದೆ, ದೋನ್ ಕಾನುತೊ. ಇಪ್ಪತ್ತೆರಡು ವರ್ಷ ಹೊಳೇಲಿ ನಿಂತು ನಿಮ್ಮ ಉಣ್ಣೆ ತೊಳ್ದಿದೀನಿ. ಇವತ್ತೊಂದಿನ ಕೂತ್ಕೋತೀನಿ."

"ಅದರೊಳಗೆ ಊರ ಹುಡುಗರ ಹೆಸರಿದೆ ಕಣೇ!"

"ಅದಕ್ಕೇ ಕೂತಿರೋದು. ಕೋಳಿ ಮೊಟ್ಟೆ ಮೇಲೆ ಕೂರಲ್ವಾ, ಹಂಗೆ. ನಿಮ್ಮ ಮಗನ ಹೆಸರು ಇದ್ರೊಳಗಿದೆ ಅಂತ ಹೇಳಿ, ಈಗಲೇ ಏಳ್ತೀನಿ."

ನಲವತ್ತು ಹೆಂಗಸರು ನಕ್ಕ ನಗೆಗೆ ಗಂಟೆಗೋಪುರದ ಪಾರಿವಾಳಗಳು ಎದ್ದು ಹಾರಿದವು. ಆಮೇಲೆ ಪೊಲೀಸರು ಬಂದರು, ನಗು ನಿಂತಿತು. ಉರ್ಬಾನತ್ತೆಯನ್ನು ಎಳೆದ ರಭಸಕ್ಕೆ ಅವಳ ಬಲತೋಳು ಮುರಿಯಿತು. ಮಾರನೆಯ ದಿನ ಬಾಗಿಲು ಹಾಕಿಕೊಂಡು ಚೀಟಿ ಎತ್ತಿದರು. ಮೂರನೆಯ ಹೆಸರೇ ಅವಳ ಮಗ ಬ್ಲಾಸ್‌ನದು.

ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ. ಈಗ ಗದ್ದಲದಲ್ಲಿ ಯಾರ್‍ಯಾರಿದ್ದರೆಂದು ಮನೆಮನೆ ಹುಡುಕುತ್ತಿದ್ದಾರೆ. ನನ್ನ ಹಾಳೆಗಳಲ್ಲಿ ಎಲ್ಲರ ಮುಖವೂ ಇದೆ. ಸುಟ್ಟುಹಾಕಲು ಮನಸ್ಸು ಬರಲಿಲ್ಲ. ನಿನ್ನ ಹತ್ತಿರವಾದರೆ ಭದ್ರ ಎಂದುಕೊಂಡೆ.

ಬಾಲ್ಬಿನಾ


ಮ್ಯಾಡ್ರಿಡ್, 1870 ಮೇ 2

ಅಕ್ಕ,

ಕಟ್ಟು ಸಿಕ್ಕಿತು. ಭದ್ರವಾಗಿದೆ, ಚಿಂತೆ ಬೇಡ. ಚಿತ್ರಶಾಲೆಯ ಗೋಡೆಗೆ ಚುಚ್ಚಿಟ್ಟಿದ್ದೇನೆ, ಬೆಳಿಗ್ಗೆ ಎದ್ದರೆ ಊರೇ ಎದುರಿಗೆ ಬಂದಂತಾಗುತ್ತದೆ. ನಿನ್ನ ಕೈ ಇನ್ನೂ ಚುರುಕಾಗಿದೆ. ಉರ್ಬಾನತ್ತೆಯ ಭುಜದ ಎಲುಬು ಮಾತ್ರ ಒಂದಿಷ್ಟು ತಪ್ಪಿದೆ. ಅಕಾಡೆಮಿಯಲ್ಲಿ ಕಲಿಯದವರಿಂದ ಅದನ್ನು ನಿರೀಕ್ಷಿಸಬಾರದು ಬಿಡು.

ನನ್ನ ವಿಷಯ ಏನು ಹೇಳಲಿ. ರೋಮ್‌ನಲ್ಲಿ ಮೂರು ವರ್ಷ ಸಾಯುವ ಚಕ್ರವರ್ತಿಗಳನ್ನೇ ಬಿಡಿಸಿದೆ. ತಂದು ಎರಡು ಪ್ರದರ್ಶನಗಳಲ್ಲಿ ಇಟ್ಟರೆ ಜನ ಛತ್ರಿ ಒರಗಿಸಲಷ್ಟೇ ಅವುಗಳ ಹತ್ತಿರ ಬಂದರು. ಈಗ ಒಬ್ಬ ದೊಡ್ಡವರ ಪರಿಚಯವಾಗಿದೆ. ದೋನ್ ಲಿಯಾಂದ್ರೊ ಎಂದು, ಸೈನ್ಯಕ್ಕೆ ಬಟ್ಟೆ ಸರಬರಾಜು ಮಾಡುತ್ತಾರೆ. ಚಿತ್ರಗಳೆಂದರೆ ಪ್ರಾಣ. "ಸತ್ತವರನ್ನು ಬಿಡಪ್ಪ, ಬದುಕಿರೋ ಸ್ಪೇನ್ ತೋರಿಸು" ಅಂದರು. ಯೋಚಿಸುತ್ತಿದ್ದೇನೆ.

ನಿನ್ನ ಸಿಪ್ರಿಯಾನೊ


ತೊರ್ರೆಲಾನಾ, 1871 ಜನವರಿ 20

ಸಿಪ್ರಿಯಾನೊ,

ಎಂಟು ತಿಂಗಳಲ್ಲಿ ನಿನ್ನಿಂದ ಬಂದದ್ದು ಎರಡು ಕಾಗದ. ಎರಡರಲ್ಲೂ ದೋನ್ ಲಿಯಾಂದ್ರೊ ಮನೆಯ ಊಟದ ವರ್ಣನೆ. ಆಗಲಿ, ಹೊಟ್ಟೆ ತುಂಬಾ ಉಣ್ಣುತ್ತಿದ್ದೀಯಲ್ಲ, ಅಷ್ಟು ಸಾಕು.

ಬ್ಲಾಸ್‌ನನ್ನು ಕಾದಿಸ್ ಬಂದರಿನಲ್ಲಿ ಹಡಗು ಹತ್ತಿಸಿದರಂತೆ. ಉರ್ಬಾನತ್ತೆ ನಲವತ್ತು ದಿನ ಸೆರೆಮನೆಯಲ್ಲಿದ್ದು ಬಂದಳು. ತೋಳು ಸೊಟ್ಟಗೆ ಕೂಡಿಕೊಂಡಿದೆ. ಒದ್ದೆ ಉಣ್ಣೆಯನ್ನು ಎಡಗೈಯಲ್ಲೇ ಎತ್ತುತ್ತಾಳೆ. ವಿಚಾರಣೆ ಮುಗಿಯಿತು, ಇನ್ನು ಹೆದರಿಕೆಯಿಲ್ಲ. ಹಾಳೆಗಳನ್ನು ವಾಪಸು ಕಳಿಸು. ಎಲ್ಲ ಆಗದಿದ್ದರೆ ಆರನೆಯದನ್ನಾದರೂ ಕಳಿಸು. ಬ್ಲಾಸ್ ಬಗ್ಗಿ ತಾಯಿಯನ್ನು ಎಬ್ಬಿಸಲು ನೋಡುತ್ತಿರುವುದು, ಅರ್ಧ ನಗು ಅರ್ಧ ನಾಚಿಕೆ, ಆ ಹಾಳೆ. ಆ ಹುಡುಗನ ಮುಖ ಈ ಲೋಕದಲ್ಲಿ ಬೇರೆಲ್ಲೂ ಬರೆದಿಲ್ಲ. ಉರ್ಬಾನತ್ತೆ ಮೊನ್ನೆ ನನ್ನ ಕೆಲಸದ ಕೋಣೆಗೆ ಬಂದಿದ್ದಳು. ನಾನು ಚರ್ಚಿನ ಸಂತ ರೋಕನ ವಿಗ್ರಹದ ನಾಯಿಗೆ ಬಣ್ಣ ಬಳಿಯುತ್ತಿದ್ದೆ.

"ಮುಖ ಮರ್ತು ಹೋಗುತ್ತೆ ಅಂತಲ್ಲ ಬಾಲ್ಬಿನಾ," ಅಂದಳು. "ನೆನಪಲ್ಲಿ ಅವ್ನು ಚಿಕ್ಕೋನಾಗ್ತಾ ಹೋಗ್ತಾನೆ. ನಿನ್ನೆ ನೆನೆಸ್ಕೊಂಡ್ರೆ ಐದು ವರ್ಷದ ಹುಡುಗ ಬಂದು ನಿಂತ. ದೊಡ್ಡೋನು ಬರಲೇ ಇಲ್ಲ."

ತಡಮಾಡಬೇಡ.

ಬಾಲ್ಬಿನಾ


ಮ್ಯಾಡ್ರಿಡ್, 1871 ಮಾರ್ಚ್ 11

ಅಕ್ಕ,

ಕೋಪಿಸಿಕೊಳ್ಳಬೇಡ. ಹಾಳೆಗಳು ಸದ್ಯ ಬೇಕಾಗಿವೆ. ಹದಿನಾಲ್ಕು ಅಡಿಯ ಕ್ಯಾನ್ವಾಸು ಹೂಡಿದ್ದೇನೆ. ಏನೆಂದು ಈಗ ಹೇಳುವುದಿಲ್ಲ, ನಿನಗೆ ಅಚ್ಚರಿಯಾಗಲಿ. ನಮ್ಮೂರಿಗೆ ಹೆಮ್ಮೆ ತರುವಂಥದ್ದು ಎಂದಷ್ಟೇ ತಿಳಿ. ಶರತ್ಕಾಲದ ಪ್ರದರ್ಶನ ಮುಗಿಯುತ್ತಲೇ ಎಲ್ಲ ಕಳಿಸುತ್ತೇನೆ. ಜತೆಗೊಂದು ಕಸೂತಿ ಶಾಲು, ಬಾದಾಮಿ ಮಿಠಾಯಿ ಇಟ್ಟಿದ್ದೇನೆ. ಮಿಠಾಯಿಯಲ್ಲಿ ಉರ್ಬಾನತ್ತೆಗೂ ಕೊಡು.

ಸಿಪ್ರಿಯಾನೊ


ತೊರ್ರೆಲಾನಾ, 1871 ನವೆಂಬರ್ 19

ಸಿಪ್ರಿಯಾನೊ ಅರ್ನೆದೊ ಎಂಬ ಪದಕ ವಿಜೇತರಿಗೆ,

ನಿನ್ನ ಅಚ್ಚರಿ ನಮ್ಮೂರಿಗೆ ಬಂದು ತಲುಪಿತು. ಔಷಧಿ ಅಂಗಡಿಗೆ ಬರುವ ಚಿತ್ರಪತ್ರಿಕೆಯಲ್ಲಿ, ಎರಡು ಪುಟದ ತುಂಬ, ಅಚ್ಚುಕಟ್ಟಾಗಿ. 'ತಾಯ್ನಾಡಿಗೆ ತಾಯಂದಿರ ಕಾಣಿಕೆ', ಕೊಂಡವರು ದೋನ್ ಲಿಯಾಂದ್ರೊ ಎಂದಿತ್ತು. ಅಂಗಡಿಯವನು ನಿನಗೆ ಪದಕ ಬಂದ ಸಂಭ್ರಮಕ್ಕೆ ಊರನ್ನೆಲ್ಲ ಕರೆದ. ಉಣ್ಣೆ ತೊಳೆಯುವ ಹೆಂಗಸರು ಒದ್ದೆ ಕೈ ಒರೆಸಿಕೊಂಡು ಬಂದು ಸುತ್ತ ನಿಂತರು.

ಮುಖಗಳೆಲ್ಲ ನನ್ನವೇ. ನನ್ನ ಏಳು ಹಾಳೆಯಿಂದ ಒಂದೊಂದಾಗಿ ಕಿತ್ತವು. ನಮ್ಮ ಅಂಗಳ, ನಮ್ಮ ಬೆಂಚು, ಒಡೆದ ಮೆಟ್ಟಿಲು, ಏನೂ ಬಿಟ್ಟಿಲ್ಲ. ಚೀಟಿ ಪೆಟ್ಟಿಗೆಯನ್ನು ಮಾತ್ರ ಮೇಜಿನ ಮೇಲೆ ಇಟ್ಟಿದ್ದೀಯ, ಹೂಮಾಲೆ ಹಾಕಿ! ಅದರ ಮುಂದೆ ಉರ್ಬಾನತ್ತೆ ಮೊಣಕಾಲೂರಿ, ಕಣ್ಣು ಮೇಲೆತ್ತಿ, ಮಗನ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದಾಳೆ. ಯಾವ ಕೈ? ಪೊಲೀಸರು ಮುರಿದ ಆ ಬಲಗೈ! ಪೊಲೀಸರೋ ಟೋಪಿ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಅವರು ಅತ್ತದ್ದನ್ನು ಯಾವಾಗ ಕಂಡೆಯೋ ನೀನು?

ನನ್ನ ಹೆಸರಿಲ್ಲವೆಂದು ಸಿಟ್ಟಿಗೆದ್ದಿದ್ದೇನೆ ಎಂದುಕೊಳ್ಳಬೇಡ. ಅಪ್ಪ ಚರ್ಚಿನ ಪೂಜಾಪೀಠಗಳಿಗೆ ಚಿನ್ನದ ಲೇಪ ಹಾಕಿ ಗಳಿಸಿದ್ದನ್ನೆಲ್ಲ ನಿನ್ನ ಓದಿಗೆ ಸುರಿದಾಗಲೂ ನಾನು ತುಟಿ ಬಿಚ್ಚಲಿಲ್ಲ. ನಿನಗೆ ಸೀಸದಕಡ್ಡಿ ಹಿಡಿಯಲು ಕಲಿಸಿದ್ದು ನಾನು. ಅದನ್ನೂ ಯಾರಿಗೂ ಹೇಳಿಕೊಂಡಿಲ್ಲ. ಆದರೆ ಇದು ನನ್ನ ಸೊತ್ತೂ ಅಲ್ಲ, ನಿನ್ನ ಸೊತ್ತೂ ಅಲ್ಲ. ಬಚ್ಚಿಡು ಎಂದು ನಂಬಿ ಕೊಟ್ಟದ್ದನ್ನು ನೀನು ಬಟ್ಟೆ ವ್ಯಾಪಾರಿಯ ಗೋಡೆಗೆ ಮಾರಿದೆ.

ನಿನಗೊಂದು ಸುದ್ದಿ ಹೇಳಿಲ್ಲ. ಬ್ಲಾಸ್ ಆಗಸ್ಟಿನಲ್ಲಿ ತೀರಿಹೋದ. ಗುಂಡಿನಿಂದಲ್ಲ, ಜ್ವರದಿಂದ. ಕ್ಯೂಬಾದ ಯಾವುದೋ ಆಸ್ಪತ್ರೆಯ ಒಂದು ಚೂರು ಕಾಗದ ಬಂತು, ಅದರಲ್ಲಿ ಹೆಸರೂ ತಪ್ಪು. ನೀನು ತಲೆ ತಗ್ಗಿಸಿ ಆಶೀರ್ವಾದ ಪಡೆಯಲು ನಿಲ್ಲಿಸಿರುವವನು ಮೂರು ತಿಂಗಳ ಹಿಂದೆಯೇ ಸತ್ತ ಮಗ.

ಉರ್ಬಾನತ್ತೆ ಪತ್ರಿಕೆಯನ್ನು ತುಂಬಾ ಹೊತ್ತು ನೋಡಿದಳು.

"ಇವಳ್ಯಾರು?" ಅಂದಳು.

ಅಂಗಡಿಯವನು ಪಾಪ, "ನೀನೇ ಉರ್ಬಾನಾ, ಎಷ್ಟು ಚೆನ್ನಾಗಿದೀಯ ನೋಡು" ಅಂದ.

"ನಾನಾ? ನಾನು ಮಗನ್ನ ಕಳಿಸ್ಕೊಟ್ಟೆನಾ? ಹಂಗಾದ್ರೆ ನನ್ ಮಗನ್ನ ಸಾಯಿಸ್ದೋಳು ನಾನೇ ಅಂತ ಮ್ಯಾಡ್ರಿಡ್‌ನಲ್ಲಿ ಬರ್ದಿಟ್ಟಿದಾರೆ."

ಅಷ್ಟೇ ಅಂದು ಹೊಳೆಗೆ ಹೋದಳು. ಇದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಬರೆ. ಮಿಠಾಯಿ ಕಳಿಸಬೇಡ.

ಬಾಲ್ಬಿನಾ


ಮ್ಯಾಡ್ರಿಡ್, 1871 ಡಿಸೆಂಬರ್ 3

ಅಕ್ಕ,

ಬ್ಲಾಸ್ ವಿಷಯ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

ಆದರೆ ನನ್ನನ್ನು ಕಳ್ಳನೆಂದೆಯಲ್ಲ, ಅದಕ್ಕೆ ಉತ್ತರ ಕೇಳು. ಮೊದಲು ನಾನು ಬರೆದದ್ದು ನಡೆದದ್ದನ್ನೇ. ನಾಲ್ಕು ತಿಂಗಳು. ಪೆಟ್ಟಿಗೆಯ ಮೇಲೆ ಕೂತ ಉರ್ಬಾನತ್ತೆಯನ್ನು ಆಳೆತ್ತರಕ್ಕೆ ಬರೆದಿದ್ದೆ. ದೋನ್ ಲಿಯಾಂದ್ರೊ ಬಂದು ನೋಡಿದರು. ಬೆತ್ತದ ತುದಿಯಿಂದ ತೋರಿಸಿ, "ಈ ಮುದುಕಿ ಅಲ್ಲಿ ಏನ್ಮಾಡ್ತಿದಾಳೆ? ಮೊಟ್ಟೆಗೆ ಕಾವು ಕೊಡ್ತಿದಾಳಾ?" ಎಂದು ನಕ್ಕರು. ಆಮೇಲೆ, "ಅರ್ನೆದೊ, ನಿನ್ನ ಕೈಯಲ್ಲಿ ಪದಕ ಇದೆ. ಇವಳನ್ನ ಮಂಡಿಯೂರಿಸು, ಸಾಕು" ಅಂದರು. ಮಂಡಿಯೂರಿಸಿದೆ. ನನಗೆ ಮೂವತ್ತಾರು ವರ್ಷ. ಚಕ್ರವರ್ತಿಗಳನ್ನು ಸುತ್ತಿ ಅಟ್ಟದ ಮೇಲೆ ಹಾಕಿದ್ದೇನೆ, ಇಲಿ ತಿನ್ನುತ್ತಿವೆ. ನೀನಾಗಿದ್ದರೆ ಏನು ಮಾಡುತ್ತಿದ್ದೆ?

ಹೋಗಲಿ, ಆದದ್ದಾಯಿತು. ನಿನಗೆ ಹೆಸರು ಬೇಕೆಂಬುದು ತಪ್ಪಲ್ಲ, ನನಗೆ ಅರ್ಥವಾಗುತ್ತದೆ. ಅದಕ್ಕೊಂದು ದಾರಿ ಹೊಳೆದಿದೆ. ದೋನ್ ಕಾನುತೊ ಪುರಸಭೆಯ ಸಭಾಂಗಣಕ್ಕೆ ನನ್ನ ಚಿತ್ರದ ಪ್ರತಿ ಕೇಳಿದ್ದಾರೆ. ನನಗೆ ಭಾವಚಿತ್ರಗಳ ಕೆಲಸ ತಲೆಯ ಮೇಲಿದೆ. ಪ್ರತಿಯನ್ನು ನೀನೇ ಬರೆ. ಆ ಮುಖಗಳು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸೆಪ್ಟೆಂಬರ್ ಹಬ್ಬಕ್ಕೆ ನಾನು ಬಂದು ಸಹಿ ಹಾಕುತ್ತೇನೆ, ನೀನು ನೆರವಾದೆ ಎಂದು ಎಲ್ಲರೆದುರು ಹೇಳುತ್ತೇನೆ.

ಸಿಪ್ರಿಯಾನೊ


ತೊರ್ರೆಲಾನಾ, 1871 ಡಿಸೆಂಬರ್ 16

ಸಿಪ್ರಿಯಾನೊ,

ಒಪ್ಪಿದೆ. ಕ್ಯಾನ್ವಾಸು ಕಳಿಸು. ಅದರ ಜತೆ ನನ್ನ ಏಳು ಹಾಳೆಗಳನ್ನೂ ಕಳಿಸು, ಅವಿಲ್ಲದೆ ಆಗದು.

ಬಾಲ್ಬಿನಾ


ತೊರ್ರೆಲಾನಾ, 1872 ಫೆಬ್ರವರಿ 25

ಸಿಪ್ರಿಯಾನೊ,

ಎಲ್ಲ ಬಂದು ಸೇರಿತು. ದೊಡ್ಡದು ಮಾಡಿ ನಕಲಿಸಲು ಹಾಳೆಗಳ ಮೇಲೆ ಕೆಂಪು ಗೀಟಿನ ಚೌಕಗಳನ್ನು ಎಳೆದಿದ್ದೀಯ. ಆರನೆಯ ಹಾಳೆಯಲ್ಲಿ ಬ್ಲಾಸ್‌ನ ಬಾಯಿಯ ಮೇಲೆ ನಿನ್ನ ಎಣ್ಣೆ ಬೆರಳಿನ ಗುರುತು ಕೂತಿದೆ. ಬ್ರೆಡ್ಡಿನ ತಿರುಳಿನಿಂದ ಎರಡು ದಿನ ಒತ್ತಿ ಒತ್ತಿ ತೆಗೆದೆ. ನಗು ಅರ್ಧ ಹೋಗಿತ್ತು, ನಾಚಿಕೆ ಉಳಿದಿತ್ತು. ಹಾಗೇ ಒಯ್ದು ಕೊಟ್ಟೆ. ಉರ್ಬಾನತ್ತೆ ಅದನ್ನು ಬೆಳಕಿಗೆ ಹಿಡಿದು, "ಬಂದ್ಯೇನೋ, ದೊಡ್ಡೋನೇ" ಅಂದಳು. ನಾನು ಹೊರಗೆ ಹೋಗಿ ನಿಂತೆ.

ಕೆಲಸ ನಡೆಯುತ್ತಿದೆ. ಅಷ್ಟು ತಿಳಿದರೆ ಸಾಕು ನಿನಗೆ.

ಬಾಲ್ಬಿನಾ


ಮ್ಯಾಡ್ರಿಡ್, 1872 ಆಗಸ್ಟ್ 30

ಅಕ್ಕ,

ಮನಸ್ಸು ತಿಳಿಯಾಯಿತಲ್ಲ, ಬಹಳ ಸಂತೋಷ. ಆದರೆ ಹಬ್ಬಕ್ಕೆ ಬರಲಾಗುತ್ತಿಲ್ಲ. ಒಬ್ಬ ಜಹಗೀರುದಾರರ ಹೆಂಡತಿಯ ಭಾವಚಿತ್ರ ಅರ್ಧಕ್ಕೆ ನಿಂತಿದೆ. ಆಕೆ ದಿನಕ್ಕೊಂದು ಉಡುಪು ಬದಲಿಸುತ್ತಾರೆ. ನನ್ನ ಬದಲು ದೋನ್ ಲಿಯಾಂದ್ರೊ ಅವರೇ ಬಂದು ತೆರೆ ಸರಿಸುತ್ತಾರೆ. ಅವರಿಗೆ ಒಳ್ಳೆಯ ಮಾಂಸ, ಹಳೆಯ ವೈನು ಸಿಗುವಂತೆ ನೋಡಿಕೊ. ಮೂಲೆಯಲ್ಲಿ ನನ್ನ ಸಹಿಯನ್ನು ನೀನೇ ಹಾಕಿಬಿಡು. ನನ್ನ ಕೈಬರಹ ನಿನಗೆ ಬರುತ್ತದಲ್ಲ.

ಸಿಪ್ರಿಯಾನೊ


ತೊರ್ರೆಲಾನಾ, 1872 ಸೆಪ್ಟೆಂಬರ್ 12

ಸಿಪ್ರಿಯಾನೊ,

ದೋನ್ ಲಿಯಾಂದ್ರೊ ನಿನಗೆ ಆಗಲೇ ಹೇಳಿರಬಹುದು, ನನ್ನಿಂದಲೂ ಕೇಳು.

ಸಭಾಂಗಣ ಕಿಕ್ಕಿರಿದಿತ್ತು. ಪಾದ್ರಿಗಳು ಮುಂದೆ, ವಾದ್ಯದವರು ಪಕ್ಕದಲ್ಲಿ, ಹೆಂಗಸರು ಬಾಗಿಲ ಬಳಿ. ನಿನ್ನ ದೊಡ್ಡ ಮನುಷ್ಯರು ತಾಯ್ನಾಡು, ತ್ಯಾಗ ಎಂದೆಲ್ಲ ಅರ್ಧ ಗಂಟೆ ಮಾತಾಡಿ ಹಗ್ಗ ಎಳೆದರು. ತೆರೆ ಜಾರಿತು. ವಾದ್ಯದವರು ನಾಲ್ಕು ಸ್ವರ ನುಡಿಸಿ ನಿಲ್ಲಿಸಿದರು.

ಹದಿನಾಲ್ಕು ಅಡಿಯ ಉದ್ದಕ್ಕೂ ಅಂದು ನಡೆದದ್ದೇ ಇತ್ತು. ನಡುವೆ ಉರ್ಬಾನತ್ತೆ, ಪೆಟ್ಟಿಗೆಯ ಮೇಲೆ. ಅವಳ ತೋಳಿಗೆ ಕೈ ಹಾಕಿದ ಪೊಲೀಸರು, ಟೋಪಿ ತಲೆಯ ಮೇಲೇ ಇಟ್ಟುಕೊಂಡವರು. ಬಗ್ಗಿ ನಿಂತ ಬ್ಲಾಸ್. ಅಳಿಸಿಹೋಗಿದ್ದ ನಗುವನ್ನು ಅವನ ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ತಂದೆ. ಅದು ಅವಳದೇ ಬಾಯಿ. ಬಲಗಡೆ ದೋನ್ ಕಾನುತೊ, ಬೆವರು ಒರೆಸಿಕೊಳ್ಳುತ್ತ.

ಬಾಗಿಲ ಬಳಿ ಯಾರೋ, "ಅಯ್ಯೋ, ಅದು ನಾನು ಕಣ್ರೇ!" ಎಂದು ಕೂಗಿದಳು. ಆಮೇಲೆ ತಡೆಯುವವರಿಲ್ಲ. "ನನ್ನ ಮೂಗು ಅಷ್ಟು ಉದ್ದಾನಾ?" "ಇನ್ನೂ ಉದ್ದ ಇದೆ, ಬಾಲ್ಬಿನಾ ಕರುಣೆ ತೋರ್ಸಿದಾಳೆ." ನಕ್ಕರು, ಅತ್ತರು, ನೂಕಿಕೊಂಡು ಮುಂದೆ ಬಂದರು. ದೋನ್ ಕಾನುತೊನ ಮುಖ ಚಿತ್ರದಲ್ಲಿದ್ದದ್ದಕ್ಕಿಂತ ಹೆಚ್ಚು ಬೆವರಿತ್ತು.

ದೋನ್ ಲಿಯಾಂದ್ರೊ ನನ್ನ ಕಡೆ ತಿರುಗಿದರು. "ನಾವು ಕೇಳಿದ್ದು ಪ್ರತಿ ಅಲ್ಲವೇನಮ್ಮ?"

"ಹೌದು ಸ್ವಾಮಿ, ಪ್ರತಿನೇ ಇದು. ನಡೆದದ್ದರ ಪ್ರತಿ. ನಿಮ್ಮ ಮನೇಲಿರೋದು ಯಾತರ ಪ್ರತಿ ಅಂತ ನೀವೇ ಹೇಳಬೇಕು."

"ಇದನ್ನ ಬರೆದವರು ಯಾರು?"

"ಕೆಳಗೆ ಹೆಸರಿದೆ, ಓದಿ."

ಓದಿದರು. ಬಾಲ್ಬಿನಾ ಅರ್ನೆದೊ. ನಿನ್ನ ಕೈಬರಹ ನನಗೆ ಬರುತ್ತದೆ, ನಿಜ. ನನ್ನದೂ ಬರುತ್ತದೆ.

ವೈನು ಮುಟ್ಟದೆ ಗಾಡಿ ಹತ್ತಿದರು. ಮೂರನೆಯ ದಿನ ದೋನ್ ಕಾನುತೊ ಚಿತ್ರವನ್ನು ಚೌಕಟ್ಟಿನಿಂದ ಕೀಳಿಸಿ ಹಿತ್ತಲಿಗೆ ಎಸೆಸಿದ. ಹೆಂಗಸರು ಹಾಡುಹಗಲೇ ಹೋಗಿ ಅದನ್ನು ಸುರುಳಿ ಸುತ್ತಿ ಹೊತ್ತು ತಂದರು. ತಡೆಯಲು ಯಾರೂ ಬರಲಿಲ್ಲ.

ಬಾಲ್ಬಿನಾ


ಮ್ಯಾಡ್ರಿಡ್, 1872 ಅಕ್ಟೋಬರ್ 8

ನೀನು ನನ್ನ ಕತ್ತು ಕುಯ್ದೆ. ಒಡಹುಟ್ಟಿದವಳು! ದೋನ್ ಲಿಯಾಂದ್ರೊ ಮನೆಯ ಬಾಗಿಲಲ್ಲಿ ಆಳು ನನ್ನ ಟೋಪಿ ಕೂಡ ತೆಗೆದುಕೊಳ್ಳಲಿಲ್ಲ. ಊರಿನ ಸುದ್ದಿ ಇಲ್ಲಿಗೂ ಹರಡಿ, ಕಾಫಿ ಅಂಗಡಿಯಲ್ಲಿ ಜನ ನನ್ನನ್ನು 'ಮಂಡಿಯೂರಿಸಿದವ' ಎಂದು ಕರೆಯುತ್ತಿದ್ದಾರೆ. ಹದಿನೆಂಟು ವರ್ಷದ ದುಡಿಮೆ ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲು. ಪತ್ರಿಕೆಯವರು ಬಂದು ಕೇಳಿದರು. ನನ್ನ ಅಕ್ಕನಿಗೆ ಜ್ವರ ಬಂದಾಗಿನಿಂದ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದೆ. ಅಚ್ಚಾಗಿದೆ. ಬೇರೆ ಏನು ಹೇಳಲು ಬಿಟ್ಟೆ ನೀನು?

ಇದೇ ಕೊನೆಯ ಕಾಗದ.

ಸಿಪ್ರಿಯಾನೊ ಅರ್ನೆದೊ


ತೊರ್ರೆಲಾನಾ, 1873 ಮಾರ್ಚ್ 30

ಸಿಪ್ರಿಯಾನೊ,

ಬುದ್ಧಿಗೆಟ್ಟವಳು ಬರೆಯುತ್ತಿದ್ದೇನೆ. ನೀನು ಹೇಳಿದ್ದು ಅಚ್ಚಾದ ಮೇಲೆ ಪಾದ್ರಿಗಳು ಸಂತರ ವಿಗ್ರಹಗಳನ್ನು ನನ್ನಿಂದ ವಾಪಸು ತರಿಸಿಕೊಂಡರು. ಹುಚ್ಚಿಯ ಕೈಯಲ್ಲಿ ದೇವರ ಕಣ್ಣು ಬರೆಸಬಾರದಂತೆ. ಅಪ್ಪ ನಲವತ್ತು ವರ್ಷ ನಡೆಸಿದ ಕೆಲಸ ನಿನ್ನ ಒಂದು ಮಾತಿಗೆ ಮುಚ್ಚಿತು. ಐದು ತಿಂಗಳು ಈ ಕಾಗದವನ್ನು ಬರೆದು ಹರಿದೆ, ಬರೆದು ಹರಿದೆ. ನನ್ನ ಚಿತ್ರ ಕದ್ದೆ, ಸಹಿಸಿದೆ. ಬುದ್ಧಿಯನ್ನೂ ಕದ್ದೆಯಲ್ಲೋ.

ಈಗ ಕೇಳು. ಹೆಂಗಸರು ಆ ಕ್ಯಾನ್ವಾಸನ್ನು ಉಣ್ಣೆ ಒಣಗಿಸುವ ಕೊಟ್ಟಿಗೆಯಲ್ಲಿ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಮೊದಲು ನಮ್ಮೂರವರು ಬಂದರು. ಆಮೇಲೆ ಸುತ್ತಲ ಹಳ್ಳಿಗಳಿಂದ ತಾಯಂದಿರು ಬರತೊಡಗಿದರು. ಒಬ್ಬಳು ಮಗನ ಟೋಪಿ ತಂದಳು. "ಇದ್ರ ಕೆಳಗೆ ಅವನ ಮುಖ ಬರ್ದುಕೊಡಮ್ಮ, ಇವ್ರ ಹಿಂದೆ ನಿಂತಿರ್ಲಿ" ಅಂದಳು. ಅವಳು ಹೇಳುತ್ತ ಹೋದಳು, ನಾನು ಅಳಿಸುತ್ತ ಬರೆಯುತ್ತ ಹೋದೆ. ಸಂಜೆಗೆ, "ಹೂಂ, ಇವ್ನೇ" ಅಂದಳು. ಹೀಗೆ ಹನ್ನೊಂದು ಮುಖಗಳಾದವು. ಯಾರೂ ಮರಳಿ ಬರದವರು. ಎಡಗಡೆ ಇನ್ನೂ ಜಾಗವಿದೆ. ನಿನ್ನೆ ಬಂದ ಮುದುಕಿಗೆ ಹುಬ್ಬಿನ ಮೇಲಿನ ಗಾಯದ ಗುರುತು ಬಿಟ್ಟು ಮಗನ ಮುಖದಲ್ಲಿ ಬೇರೇನೂ ನೆನಪಿಲ್ಲ. ಬರೆದೆ, ಅಲ್ಲವೆಂದಳು. ಮತ್ತೆ ಬರೆದೆ, ಅಲ್ಲ. ನನ್ನ ಕೈ ಸೋತಿತು.

ಕಾಣದ ಮುಖ ಬರೆಯುವುದರಲ್ಲಿ ನೀನು ನನಗಿಂತ ಗಟ್ಟಿಗ. ಇದನ್ನು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಸುಳ್ಳು ಹೇಳಲಾರೆ. ನನ್ನನ್ನು ಹುಚ್ಚಿ ಎಂದ ಪತ್ರಿಕೆಯಲ್ಲೇ ಹುಚ್ಚಿಯಲ್ಲವೆಂದು ಹೇಳು. ಅದಾದ ಮೇಲೆ ಕುಂಚ ಹಿಡಿದುಕೊಂಡು ಬರುವುದಾದರೆ ಬಾ. ಸಹಿ ಹಾಕಲು ಬರುವುದಾದರೆ ಬರಬೇಡ.

ಬಾಲ್ಬಿನಾ


ಮ್ಯಾಡ್ರಿಡ್, 1873 ಮೇ 21

ಅಕ್ಕ,

ಪತ್ರಿಕೆಯವರು ಮೂರು ಸಲ ತಿರುಗಿಸಿದರು. ಸುಳ್ಳು ಮೊದಲ ಪುಟದಲ್ಲಿ ಬಂದಿತ್ತು. ನಿಜ ಕೊನೆಯ ಪುಟದಲ್ಲಿ ಬಂದಿದೆ, ಕೆಮ್ಮಿನ ಮಾತ್ರೆಯ ಜಾಹೀರಾತಿನ ಕೆಳಗೆ, ನಾಲ್ಕು ಸಾಲು. ಕತ್ತರಿಸಿ ಈ ಕಾಗದದ ಜತೆ ಇಟ್ಟಿದ್ದೇನೆ. ಚಿತ್ರದ ಮೂಲ ನಿನ್ನದೆಂದೂ, ನಡೆದದ್ದನ್ನು ನಾನು ತಿರುಚಿದೆನೆಂದೂ, ನಿನ್ನ ಬುದ್ಧಿಯ ಬಗ್ಗೆ ನಾನು ಹೇಳಿದ್ದು ಸುಳ್ಳೆಂದೂ ಅದರಲ್ಲಿದೆ. ಪಾದ್ರಿಗಳಿಗೆ ಬೇರೆ ಕಾಗದ ಬರೆದಿದ್ದೇನೆ.

ಜಹಗೀರುದಾರರ ಹೆಂಡತಿ ಬೇರೆ ಚಿತ್ರಗಾರನನ್ನು ಹಿಡಿದಿದ್ದಾರೆ. ಚಿತ್ರಶಾಲೆ ಖಾಲಿ ಮಾಡುತ್ತಿದ್ದೇನೆ. ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ.

ಆ ಮುದುಕಿಯ ಮಗನ ಗಾಯ ಯಾವ ಹುಬ್ಬಿನ ಮೇಲಿತ್ತು, ಎಡವೋ ಬಲವೋ?

ಸಿಪ್ರಿಯಾನೊ


ತೊರ್ರೆಲಾನಾ, 1873 ಜೂನ್ 2

ಸಿಪ್ರಿಯಾನೊ,

ಎಡ ಹುಬ್ಬು.

ನಾಲ್ಕು ಸಾಲನ್ನು ಓದಿದೆ. ಔಷಧಿ ಅಂಗಡಿಯಲ್ಲಿ ಗಟ್ಟಿಯಾಗಿ ಓದಿಸಿದೆ, ಎರಡು ಸಲ. ನನ್ನ ಸಿಟ್ಟು ಇಳಿದಿಲ್ಲ, ಇಳಿದಾಗ ತಿಳಿಸುತ್ತೇನೆ.

ಗಾಡಿ ಗುರುವಾರ ಬರುತ್ತದೆ. ಇಳಿದವನು ನೇರ ನನ್ನ ಮನೆಗೆ ಬರಬೇಡ, ಕೊಟ್ಟಿಗೆಗೂ ಹೋಗಬೇಡ. ಮೊದಲು ಉರ್ಬಾನತ್ತೆಯ ಬಾಗಿಲು ತಟ್ಟು. ಅವಳು ತೆಗೆಯುತ್ತಾಳೆಂದು ನಾನು ಮಾತು ಕೊಡಲಾರೆ. ತೆಗೆಯದಿದ್ದರೆ ಅಲ್ಲೇ ನಿಂತಿರು.

ಬಾಲ್ಬಿನಾ